ಕೊಳವಿಯ ಬೆಣೆ

“ನನಗ ಒಂದ ಮಾತ ಹೇಳಿದ್ರ ಏನಾಗ್ತಿತ್ತು?”

ಜಾನಕೀಬಾಯಿ ಕೇಳಿದ್ದು ಯಾರನ್ನೂ ಅಲ್ಲ. ಅಡುಗೆಮನೆಯಲ್ಲಿ ಅವಳೊಬ್ಬಳೇ ಇದ್ದಳು. ಮೇಲೆ ಸಲಿಕೆಗಳು ಮಾಳಿಗೆಯ ಮಣ್ಣು ಕೆದರುತ್ತಿದ್ದವು. ತೊಲೆಗಳ ಸಂದಿನಿಂದ ಉದುರಿದ ಧೂಳು ಆರಿದ ಒಲೆಯ ಮೇಲೆ ಕೂತಿತ್ತು. ‘ನೀ ಇರೂತನಕಾ ಈ ವಾಡೆಕ್ಕ ಯಾರೂ ಕೈ ಹಚ್ಚೂದಿಲ್ಲಕ್ಕಾ’ ಎಂದು ದೇವರ ಮುಂದೆ ನಿಂತು ಹೇಳಿದ್ದ ತಮ್ಮ ರಘೋತ್ತಮ, ಕಳೆದ ವಾರ ಹಾವೇರಿಯಿಂದ ಬಂದು, ನನ್ನ ಮನೆಗೆ ಹೋಗೋಣ, ಗಂಟು ಕಟ್ಟು ಎಂದಿದ್ದ. ಇದನ್ನು ಕೆಡವಿ ಇಲ್ಲಿ ಮೆಣಸಿನಕಾಯಿ ಕೂಡಿಡುವ ವಖಾರಿ ಏಳುತ್ತದಂತೆ.

ಬ್ಯಾಡಗಿಯ ಮಂದಿ ಆ ದೊಡ್ಡ ಮನೆಯನ್ನು ಕೊಳವಿ ವಾಡೆ ಎಂದೇ ಕರೆಯುತ್ತಿದ್ದರು. ಕಟ್ಟಿಸಿದ ಮುತ್ತಜ್ಜನಿಗೆ ಪುರಾಣದ ಹುಚ್ಚು. ಪಡಸಾಲೆಯಲ್ಲಿ ಓದಿದ ಪದ್ಯ ಅಡುಗೆಮನೆಗೂ ಬಾಣಂತಿ ಕೋಣೆಗೂ ದನದ ಕೊಟ್ಟಿಗೆಗೂ ಕೇಳಬೇಕೆಂದು ಗೋಡೆಗಳೊಳಗೆ ಮಣ್ಣಿನ ಕೊಳವಿ ಹಾಯಿಸಿದ್ದ. ಜೊತೆಗೊಂದು ಕಟ್ಟಳೆಯನ್ನೂ ಇಟ್ಟಿದ್ದ: ಮಂಗಳ ಹಾಡಿದೊಡನೆ ಕೇಳುವವರು ತಮ್ಮ ಕಡೆಯ ಕೊಳವಿಯ ಬಾಯಿಗೆ ಬೆಣೆ ಜಡಿಯಬೇಕು, ದೇವರ ಮಾತು ಕೇಳಿದ ಕಿವಿಗೆ ಪಡಸಾಲೆಯ ಹರಟೆ ಬೀಳಬಾರದು. ಗಂಡ ತೀರಿಕೊಂಡು ತವರಿಗೆ ಬಂದ ಮೇಲಿನ ನಲವತ್ತು ವರ್ಷ ಜಾನಕೀಬಾಯಿ ಅದನ್ನು ಒಂದು ದಿನವೂ ಮೀರಲಿಲ್ಲ.

ಪುಸ್ತಕ ಮುಟ್ಟದೆಯೇ ಪದ್ಯಗಳೆಲ್ಲ ಅವಳ ಬಾಯಿಗೆ ಬಂದಿದ್ದವು. ಪುರಾಣ ಓದುವ ಅಣ್ಣಾಜಿ ಆಚಾರ್ಯರ ಕಣ್ಣು ಮಂಜಾದಾಗ, ಪ್ರತಿ ಪದ್ಯದ ಮೊದಲ ಶಬ್ದವನ್ನು ಅವಳೇ ಕೊಳವಿಯಲ್ಲಿ ಉಸುರತೊಡಗಿದಳು. ಅದರ ಇನ್ನೊಂದು ಬಾಯಿ ಅವರ ಕಿವಿಯ ಪಕ್ಕದಲ್ಲೇ ಇತ್ತು. ಕೂತವರು ಆಚಾರ್ಯರ ನೆನಪಿಗೆ ತಲೆದೂಗುತ್ತಿದ್ದರು. ಎಂಟು ವರ್ಷ ಹೀಗೇ ನಡೆದಿತ್ತು.

ವಾಡೆ ಕೆಡವುವ ಗುತ್ತಿಗೆ ಹಿಡಿದ ಕಾಸೀಮಸಾಬ ಬಾಗಿಲಿಗೆ ಬಂದ.

“ಹೊರಗ ಬರ್ರಿ ಬಾಯಾರ, ಒಳಗಿನ ಗ್ವಾಡಿಗೆ ಕೈ ಹಚ್ಚತೇವಿ. ನಿಮ್ಮ ಮುತ್ಯಾ ಮನಿ ಕಟ್ಟಸ್ಯಾನೋ, ಕೊಳಲ ಮಾಡಸ್ಯಾನೋ. ಹಾರಿ ಹಾಕಿದಲ್ಲೆಲ್ಲಾ ತೂತ ಐತಿ.”

ಅವಳು ನಗಲಿಲ್ಲ. “ಕೆಡವೂದು ನಿನಗ ಯಾವಾಗ ಗೊತ್ತಾತೋ ಕಾಸೀಮ?”

“ಶ್ರಾವಣದಾಗ್ರಿ. ಮೂರ ದಿನಾ ಇಲ್ಲೇ ಪಡಸಾಲ್ಯಾಗ ಮಾತಾತಲ್ಲ, ಪುರಾಣ ಮುಗದ ಮ್ಯಾಲ. ನಿಮ್ಮ ತಮ್ಮ ರಾಯರು, ಆಚಾರ್ರು, ವಖಾರಿ ಸಾವಕಾರ್ರು, ನಾನು. ನಿಮ್ಮ ಬೆಣಿ ಟಕ್ ಅಂದ ಕೂಡ್ಲೇ ಆಚಾರ್ರು, ‘ಹಾಂ, ಇನ್ನ ಮಾತಾಡ್ರಿ’ ಅನ್ನೋರು. ಯಾಕ್ರಿ, ನಿಮಗ ಹೇಳಿರಲಿಲ್ಲೇನು?”

ಜಾನಕೀಬಾಯಿ ಬೆಣೆಯನ್ನು ಕಿತ್ತು ಕೈಯಲ್ಲಿ ಹಿಡಿದಳು. ಅವಳ ಅಂಗೈ ತಿಕ್ಕಿ ತಿಕ್ಕಿಯೇ ಅದು ನುಣುಪಾಗಿತ್ತು. ಸಡಿಲ ಉಳಿದೀತೆಂದು ಆ ಮೂರು ದಿನವೂ ಎಂದಿನಂತೆ ಎರಡೆರಡು ಸಲ ಒತ್ತಿದ್ದಳು.

ಹೊರಗೆ ಕಟ್ಟೆಯ ಮೇಲೆ, ಮಡಿಬಟ್ಟೆಯಲ್ಲಿ ಸುತ್ತಿದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಆಚಾರ್ಯರು ಕೂತಿದ್ದರು. ಹೆಜ್ಜೆಯ ಸಪ್ಪಳದಿಂದಲೇ ಗುರುತು ಹಿಡಿದರು.

“ಮನಸಿಗೆ ಹಚ್ಕೋಬ್ಯಾಡ್ರಿ ಜಾನಕೀಬಾಯಾರ. ವಖಾರಿ ಮ್ಯಾಲ ಪುರಾಣಕ್ಕಂತ ಒಂದ ಕೋಣಿ ಕೊಡ್ತೇನಂದಾನ ರಘೋತ್ತಮ. ನೀವು ಹಾವೇರಿಯಿಂದ ರೈಲಿಗೆ ಬರ್ರಿ, ಪರದೆ ಹಿಂದ ಕುಂದ್ರಿ. ಮೊದಲಿನ್ಹಂಗ ಒಂದೊಂದ ಶಬ್ದ.”

“ಬೆಣಿ ಸಪ್ಪಳಾ ನಿಮಗ ಅಷ್ಟ ಛಂದ ಕೇಳಸ್ತಿತ್ತು?”

ಆಚಾರ್ಯರು ಪುಸ್ತಕದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದರು. ಒಳಗೆ ಗೋಡೆಯೊಂದು ಕುಸಿದು ಧೂಳು ಕಟ್ಟೆಯವರೆಗೂ ಬಂತು. ಅದು ಇಳಿಯುವವರೆಗೆ ಕಾದು, ಸಣ್ಣ ದನಿಯಲ್ಲಿ ಅವರು ಅಂದರು:

“ಹರಿಸೇವಾ ನಿಲ್ಲಬಾರದಲ್ರಿ. ಹೇಳಿಕೊಡ್ತೀರಲ್ಲ?”

“ಇಲ್ಲ ಆಚಾರ್ರ. ಒಂದ ಅಕ್ಷರಾನೂ ಹೇಳಿಕೊಡೂದಿಲ್ಲ.”