ಮುಟ್ಟಿದ ಒಂಟೆ

ಬೆರಳು ತಾನಾಗಿಯೇ ಒಂಟೆಯ ಮೇಲೆ ಹೋಗಿತ್ತು. ಸಂಜೆ ಅಕ್ಕಿ ತೊಳೆಯುತ್ತ ನಿಂತ ಅತಿಯಾಳಿಗೆ ಅದೇ ಗಳಿಗೆ ಮತ್ತೆ ಮತ್ತೆ ಕಣ್ಣಿಗೆ ಕಟ್ಟುತ್ತಿತ್ತು.

ಚನ್ನಪಟ್ಟಣದ ಆ ಗೊಂಬೆ ಶೆಡ್ಡಿನಲ್ಲಿ ಕರೆಂಟು ಹೋದರೆ ಲೇತುಗಳು ನಿಂತು ಚೆಸ್ ಹಲಗೆ ಹೊರಬರುತ್ತಿತ್ತು. ಕಾಯಿಗಳೂ ಅಲ್ಲೇ ಕಡೆದವು, ಬಣ್ಣ ಸರಿಯಾಗಿ ಕೂರದೆ ಮಾರಾಟಕ್ಕೆ ಹೋಗದೆ ಉಳಿದವು. ಗೊಂಬೆಗಳಿಗೆ ಕಣ್ಣು ಬರೆಯುವ ಅತಿಯಾ ನೋಡಿ ನೋಡಿಯೇ ಆಟ ಕಲಿತಿದ್ದಳು. ಕಿಟಕಿ ಪಕ್ಕದ ಲೇತಿನ ಕೆಲಸವನ್ನೂ ಹಾಗೇ ಕಲಿತಿದ್ದಳು. ಅದನ್ನು ನಡೆಸುತ್ತಿದ್ದ ಮುನಿಯಪ್ಪ ಊರಿಗೆ ಹೋದಮೇಲೆ ಅದು ಖಾಲಿ ಬಿದ್ದಿತ್ತು. ತನಗೆ ಕೊಡಿ ಎಂದು ಇವತ್ತು ಮತ್ತೆ ಕೇಳಿದಾಗ ಶೆಡ್ಡಿನ ಯಜಮಾನ ಲಿಂಗಯ್ಯ ಹಲಗೆಯನ್ನು ಮುಂದಕ್ಕೆ ಸರಿಸಿದ್ದ.

"ನನ್ನ ಸೋಲ್ಸು ಅತಿಯಮ್ಮ, ನಾಳೆಯಿಂದ್ಲೇ ಕೂತ್ಕೊ. ಸೋತ್ಯೋ, ಇನ್ನ್ಯಾವತ್ತೂ ಕೇಳ್ಬಾರ್ದು."

ಅರ್ಧ ಆಟದವರೆಗೆ ಅವಳದೇ ಮೇಲುಗೈ. ಆಗಲೇ ತನ್ನ ಒಂಟೆಯ ಕುತ್ತಿಗೆಯಲ್ಲಿ ಬಣ್ಣದ ಅರಗು ಗಂಟುಗಟ್ಟಿದಂತೆ ಕಂಡಿತು. ದಿನವಿಡೀ ಗೊಂಬೆಗಳನ್ನು ಸವರಿ ನೋಡುವ ಹೆಬ್ಬೆರಳು ಅದನ್ನೂ ಸವರಿಬಿಟ್ಟಿತು.

"ಮುಟ್ಬುಟ್ಟೆ! ನಡುಸ್ಬೇಕು."

"ಬಣ್ಣ ನೋಡ್ದೆ ಕಣಣ್ಣಾ."

"ಅದ್ಯಾವೂರ ನ್ಯಾಯ? ಮುಟ್ಟಿದ್ ಕಾಯಿ ನಡುಸ್ಲೇಬೇಕು."

ಪಕ್ಕದಲ್ಲಿ ಚಕ್ರ ಜೋಡಿಸುತ್ತಿದ್ದ ಬೋರಮ್ಮ ಕಿಸಕ್ಕನೆ ನಕ್ಕಳು. "ಅಯ್ಯೋ ಇವ್ಳ! ಯುದ್ಧದಾಗೂ ಪಾಲಿಶ್ ನೋಡ್ತಾಳಲ್ಲವ್ವಾ!"

ಅತಿಯಾಳಿಗೆ ನಗು ಬರಲಿಲ್ಲ. ಅವಳ ರಾಣಿಗೂ ಲಿಂಗಯ್ಯನ ಆನೆಗೂ ನಡುವೆ ನಿಂತಿದ್ದದ್ದು ಆ ಒಂಟೆಯೊಂದೇ. ಅದು ಸರಿಯಿತು, ರಾಣಿ ಹೋಯಿತು.

ಅಷ್ಟರಲ್ಲಿ ಕರೆಂಟು ಬಂತು. ಆದರೂ ಒಬ್ಬರೂ ಲೇತಿನ ಕಡೆ ಹೋಗಲಿಲ್ಲ. ಉಳಿದ ಆನೆ, ಕುದುರೆ ಹಿಡಿದು ಅವಳು ಹಲ್ಲುಕಚ್ಚಿ ಆಡಿದಳು. ಹೇಗೋ ಲಿಂಗಯ್ಯನ ರಾಜನನ್ನು ಮೂಲೆಗೆ ತಳ್ಳಿದಳು. ಆನೆಯಿಂದ ಚೆಕ್, ರಾಜ ಪಕ್ಕಕ್ಕೆ. ಮತ್ತೆ ಚೆಕ್, ರಾಜ ಹಿಂದಕ್ಕೆ. ಕುತ್ತಿಗೆಯ ಬೆವರು ಒರೆಸಿಕೊಂಡು ಲಿಂಗಯ್ಯ ಕೈ ಚೆಲ್ಲಿದ. "ಹಿಂಗೇ ಆಡಿದ್ರೆ ಬೆಳಗಾಯ್ತದೆ. ಡ್ರಾ."

ಆಟಕ್ಕೆ ಬಗ್ಗಿ ಕೂತಿದ್ದ ಸೊಂಟ ಈಗ ಮನೆಯಲ್ಲೂ ನೋಯುತ್ತಿತ್ತು, ಆದರೆ ಅತಿಯಾಳನ್ನು ಕೊರೆಯುತ್ತಿದ್ದದ್ದು ಬೇರೆ. ಹಾಳಾದ ಒಂಟೆಯೂ ಅಲ್ಲ. ಕೊನೆಗೆ ಸಿಪಾಯಿಯನ್ನು ಒಂದು ಮನೆ ಮುಂದಕ್ಕೆ ತಳ್ಳಿದ್ದರೆ ರಾಜನಿಗೆ ಓಡಲು ಜಾಗವೇ ಇರುತ್ತಿರಲಿಲ್ಲ. ಅದು ಅವಳಿಗೆ ಆಗಲೇ ಕಂಡಿತ್ತು. ಆದರೆ ಆ ಒಂದು ನಡೆಯ ಮಟ್ಟಿಗೆ ಚೆಕ್ ಬಿಡಬೇಕಿತ್ತು, ಲಿಂಗಯ್ಯನಿಗೆ ಉಸಿರಾಡಲು ಬಿಡಬೇಕಿತ್ತು. ಅಷ್ಟಕ್ಕೆ ಹೆದರಿ ಕೈ ಮತ್ತೆ ಆನೆಯನ್ನೇ ಹಿಡಿದಿತ್ತು. ಮದುವೆಯಾದ ಮನೆಯಲ್ಲಿ, ಶೆಡ್ಡಿನಲ್ಲಿ, ಎಲ್ಲ ಕಡೆಯೂ ಸೋಲದಿದ್ದರೆ ಸಾಕು ಎಂದೇ ಆಡಿಕೊಂಡು ಬಂದವಳು. ತೊಳೆದ ನೀರು ತಿಳಿಯಾಗಿದ್ದರೂ ಅವಳು ಅಕ್ಕಿ ತೊಳೆಯುತ್ತಲೇ ಇದ್ದಳು.

ಮರುದಿನ ಲಿಂಗಯ್ಯ ಶೆಡ್ಡಿಗೆ ಬಂದಾಗ ಅವಳು ಕಿಟಕಿ ಪಕ್ಕದ ಲೇತಿನ ಮುಂದೆ ಕೂತಿದ್ದಳು.

"ಏನಮ್ಮ ಇದು? ಗೆಲ್ಲಲಿಲ್ವಲ್ಲ ನೀನು."

"ಇಲ್ಲಣ್ಣ. ಸೋಲ್ಲೂ ಇಲ್ಲ." ಅವಳು ಏಳಲಿಲ್ಲ. "ಸೋತ್ರೆ ಕೇಳ್ಬಾರ್ದು ಅಂದಿದ್ರಿ. ಸೋತಿಲ್ಲ, ಅದ್ಕೆ ಕೇಳ್ತಾ ಇದೀನಿ."

ಉಳಿದವರೆಲ್ಲ ಕೆಲಸ ನಿಲ್ಲಿಸಿ ಲಿಂಗಯ್ಯನ ಮುಖ ನೋಡಿದರು. ಅವನು ಚೆಸ್ ಹಲಗೆಯ ಕಡೆ ತಿರುಗಿದ.

"ಆ ಒಂಟೆ ಕುತ್ಗೇಲಿ ನಿಜ್ವಾಗ್ಲೂ ಗಂಟೈತಾ?"

"ಐತೆ. ನೀವೇ ಕಡ್ದಿದ್ದು."

ಬೋರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಲಿಂಗಯ್ಯ ಒಂದು ಮರದ ತುಂಡನ್ನು ತಂದು ಅತಿಯಾಳ ಮುಂದೆ ಇಟ್ಟ.

"ಗಂಟಿಲ್ದಂಗೆ ಒಂದು ಕಡಿ, ನೋಡವ."

ಅತಿಯಾ ಕೈ ಚಾಚಿ ಆ ತುಂಡನ್ನು ಮುಟ್ಟಿದಳು. ಇನ್ನು ನಡೆಸಲೇಬೇಕು.