ನೀಲಿ ಬಕೆಟ್ಟು, ಹದಿನೇಳನೇ ಸ್ಯಾಂಪಲ್ಲು

ನೊರೆ ಇವತ್ತು ಚೆನ್ನಾಗಿ ಕಟ್ಟಿದೆ, ಗುಳ್ಳೆಗಳು ಅದಿರಿನ ಕರಿ ಪುಡಿ ಹೊತ್ತು ಒಂದೊಂದಾಗಿ ತಟ್ಟೆಗೆ ಜಾರುತ್ತಿವೆ, ಅವಳ ಒಂದು ಕೈಯಲ್ಲಿ ನೊರೆ ಬಳಿಯುವ ಹಲಗೆ, ಇನ್ನೊಂದರಲ್ಲಿ ಆ ಕಾಗದ, ಒದ್ದೆಯಾದೀತೆಂದು ತಲೆಯೆತ್ತರಕ್ಕೆ ಹಿಡಿದಿದ್ದಾಳೆ — ಪಿಎಚ್‌ಡಿ, ನಾಲ್ಕು ವರ್ಷ, ಪೂರ್ತಿ ಫೆಲೋಶಿಪ್, ಹನ್ನೊಂದು ವರ್ಷ ಕಂಡವರ ಪ್ರಬಂಧಗಳಿಗೆಲ್ಲ ಕಲ್ಲು ಅರೆದುಕೊಟ್ಟ ಲ್ಯಾಬ್ ಸಹಾಯಕಿಗೆ, ಮೂರು ಸಲ ಅರ್ಜಿ ಹಾಕಿ ಮೂರು ಸಲವೂ ಸಪ್ಪೆ ಮೋರೆ ಹೊತ್ತು ಬಂದವಳಿಗೆ, ಅಂತೂ ಇಂತೂ! ಮೇಡಂ ಬೆಳಿಗ್ಗೆ ತಬ್ಬಿಕೊಂಡೇ ಬಿಟ್ಟರು, ಇದು ನಿಂದೇ ಕಣೇ, ಆ ಹದಿನೇಳನೇ ಸ್ಯಾಂಪಲ್ ನೀನು ಅರೀದೇ ಇದ್ದಿದ್ರೆ ಪ್ರಾಜೆಕ್ಟೇ ಬರ್ತಿರಲಿಲ್ಲ. ನಿಜ, ಗಣಿಯವರು ಬೇಡವೆಂದು ಚೆಲ್ಲಿದ ಬೂದು ಕೆಸರು, ಹದಿನಾರು ಸ್ಯಾಂಪಲ್ಲೂ ಬರಿಗೈ, ಹದಿನೇಳನೆಯದರಲ್ಲಿ ಮಾತ್ರ ತಾಮ್ರವೋ ತಾಮ್ರ. ಇನ್ನೊಂದ್ಸಲ ನೋಡೋಣ್ವಾ ಮೇಡಂ ಎಂದು ಅವಳೇ ಕೇಳಿದ್ದಳು, ಪ್ರಾಜೆಕ್ಟ್ ಬರಲಿ, ನಾಲ್ಕು ವರ್ಷ ಅದನ್ನೇ ತಾನೇ ನೋಡೋದು ಎಂದು ಅವರು ನಕ್ಕಿದ್ದರು.

ಅಕ್ಕನಿಗೂ ಹೇಳಿಯಾಯಿತು, ಈಗಷ್ಟೇ, ಮೊಬೈಲಿಗೆ ಸಿಗ್ನಲ್ ಸಿಗುವುದು ಆ ಎತ್ತರದ ಕಿಟಕಿಯ ಹತ್ತಿರ ಮಾತ್ರ, ಅಕ್ಕ ಅತ್ತಳು, ನಕ್ಕಳು, ಈಗಲೂ ಆ ಬಕೆಟ್ ಮೇಲೇ ನಿಂತಿದ್ದೀಯೇನೇ, ನನ್ನ ಪುಟ್ಟಿ ಹುಟ್ಟಿದ ದಿನಾನೂ ಹಂಗೇ ಅಲ್ವಾ, ಬೀಳ್ತೀಯ ನೋಡ್ಕೋ ಅಂದಿದ್ದೆ — ಹೌದು, ಪುಟ್ಟಿ ಹುಟ್ಟಿದ ದಿನ, ಕಾಗದದ ಎರಡನೇ ಪುಟ, ಪ್ರಾಜೆಕ್ಟಿನ ವಿವರ, ಹದಿನೇಳನೇ ಸ್ಯಾಂಪಲ್ ಅರೆದ ತಾರೀಖು, ಅದೇ, ಅದೇ ದಿನ! ಅದು ಮರಳಿನ ಬಕೆಟ್ಟು. ಒಂದು ಅದಿರು ಅರೆದ ಮೇಲೆ ಬಿಳಿ ಮರಳು ಹಾಕಿ ಮಿಲ್ಲು ತಿರುಗಿಸಬೇಕು, ಇಲ್ಲವಾದರೆ ಮೊದಲನೆಯದು ಒಳಗಿನ ಗುಂಡುಗಳಿಗೆ ಮೆತ್ತಿಕೊಂಡು ಎರಡನೆಯದಕ್ಕೆ ಸೇರುತ್ತದೆ, ಹೊಸಬರಿಗೆಲ್ಲ ಅವಳೇ ಕಲಿಸುವ ಮೊದಲ ಪಾಠ. ಆವತ್ತು ಬೆಳಿಗ್ಗೆ ಅರೆದದ್ದು ಗಣಿಯ ಒಳ್ಳೆಯ ತಾಮ್ರದ ಅದಿರು. ಮರಳು ಮುಗಿದಿತ್ತು, ಸ್ಟೋರಿಗೆ ಹೋಗಬೇಕಿತ್ತು, ಅಷ್ಟರಲ್ಲಿ ಫೋನು, ಖಾಲಿ ಬಕೆಟ್ಟನ್ನು ಬೋರಲು ಹಾಕಿ ಹತ್ತಿದಳು, ಹೆಣ್ಣು ಮಗು ಕಣೇ, ನಿನ್ನದೇ ಮೂಗು, ಕುಣಿದು ಇಳಿದಳು, ಕೆಸರು ಸುರಿದಳು, ಮಿಲ್ಲು ತಿರುಗಿಸಿದಳು. ಲ್ಯಾಬಿನ ದಾಖಲೆ ಪುಸ್ತಕದಲ್ಲಿ ಮರಳು ಹಾಕಿದೆ ಎಂಬ ಕಡೆ ರೂಢಿಯ ಮೇಲೆ ಗುರುತು ಹಾಕಿದ್ದೂ ಇದೇ ಕೈ.

ಕೆಸರಿನಲ್ಲಿ ಏನೂ ಇಲ್ಲ. ಇರಲೇ ಇಲ್ಲ. ನಾಲ್ಕು ವರ್ಷ ಹುಡುಕಬೇಕಾದ ತಾಮ್ರ ಅವಳು ತೊಳೆಯದೇ ಬಿಟ್ಟ ಕೊಳೆ, ಹೇಳಿದರೆ ಈ ಕಾಗದ ಹೋಯಿತು, ಹೇಳದಿದ್ದರೆ — ನೊರೆ ತಟ್ಟೆ ತುಂಬಿ ನೆಲಕ್ಕೆ ಸುರಿಯುತ್ತಿದೆ, ಬಳಿಯುವ ಕೈ ಏಳುತ್ತಿಲ್ಲ, ಬಾಗಿಲಲ್ಲಿ ಮೇಡಂ, ಸೈನ್ ಮಾಡಿದ್ಯೇನೇ, ಯಾಕೆ ಹಿಂಗೆ ಬೆವರ್ತಿದ್ದೀಯ, ಪೆನ್ನು ಚಾಚಿದ್ದಾರೆ, ಮೇಡಂ, ಆವತ್ತು, ಮೇಡಂ, ಆವತ್ತು ಮರಳು — ಕಿಟಕಿಯ ಕೆಳಗೆ ನೀಲಿ ಬಕೆಟ್ಟು, ಬೋರಲು, ಅದರ ತಳದ ಬೂದು ಧೂಳಿನಲ್ಲಿ ಅವಳವೇ ಎರಡು ಹೆಜ್ಜೆ.