ನಡುವಿನ ಪೈಪಿಗೆ ಹಗ್ಗ ಬೇಡ

ನಮ್ಮವರಿಗೆ ಎರಡು ವಿಷಯದಲ್ಲಿ ಯಾರೂ ಬುದ್ಧಿ ಹೇಳಬಾರದು. ಒಂದು ಆಫೀಸಿನ ಫೈಲು, ಇನ್ನೊಂದು ಹಗ್ಗ. ಸೋಲಾಪುರದಲ್ಲಿ ಹೆಡ್ ಕ್ಲರ್ಕ್ ಆಗಿ ಕೂತರೂ, ಮೈಂದರ್ಗಿಯ ಹೊಲದಲ್ಲಿ ಜೋಳದ ಕಣಿಕೆಯ ಬಂಡಿ ಕಟ್ಟಿದ ಕೈ ತಮ್ಮದು ಎಂಬ ಗರ್ವ ಇಳಿದಿಲ್ಲ. ದಿಗಂಬರ ಕಟ್ಟಿದ ಬಂಡಿಯಿಂದ ಒಂದು ಕಡ್ಡಿಯೂ ಬೀಳುವುದಿಲ್ಲವೆಂದು ಊರಿನಲ್ಲೇ ಮಾತಿತ್ತಂತೆ. ನನಗೆ ಅದನ್ನು ಹೇಳಿದವರು ದಿಗಂಬರರೇ.

೧೯೯೭ರ ಡಿಸೆಂಬರಿನಲ್ಲಿ ನಮ್ಮ ಮಗಳು ಅನುಜಾಗೆ ಅಕ್ಕಲಕೋಟೆಯಲ್ಲಿ ಸೈಕಲ್ ರೇಸು ಇತ್ತು. ಅಲ್ಲಿಂದ ಮೈಂದರ್ಗಿಗೆ ಹೋಗಿ ತಿರುಗಿ ಬರಬೇಕು. ಮೊದಲ ಮೂವರಿಗೆ ಪುಣೆಯಲ್ಲಿ ನಡೆಯುವ ರಾಜ್ಯ ತಂಡದ ಆಯ್ಕೆಗೆ ಕರೆ. ಮುಂದಿನ ವರ್ಷ ಅವಳು ವಯಸ್ಸಿನ ಮಿತಿ ದಾಟುತ್ತಾಳೆ, ಹಾಗಾಗಿ ಇದೇ ಕೊನೆಯ ಅವಕಾಶ. ಪುಣೆಯಲ್ಲಿದ್ದ ನನ್ನ ತಮ್ಮ ಆಶಿಷ, ಜರ್ಮನಿಯಿಂದ ತಂದ, ಕಬ್ಬಿಣದ ಬದಲು ತೆಳು ಕಾರ್ಬನ್ ಪೈಪುಗಳಿದ್ದ ತನ್ನ ಹಗುರ ಸೈಕಲ್ಲನ್ನು ಈ ರೇಸಿಗೆಂದೇ ಕಳಿಸಿಕೊಟ್ಟ. ಜೊತೆಗೆ ಮರಾಠಿಯಲ್ಲಿ ಒಂದು ಪುಟದ ಚೀಟಿ: ಕಾರಿನ ಮೇಲೆ ತಲೆಕೆಳಗಾಗಿ ನಿಲ್ಲಿಸಿ, ಹ್ಯಾಂಡಲ್ ಮತ್ತು ಸೀಟನ್ನು ಮಾತ್ರ ಕಟ್ಟಿ, ನಡುವಿನ ಪೈಪಿಗೆ ಹಗ್ಗ ಬೇಡ.

ಅತ್ತೆ ವೇಣೂಬಾಯಿ ಒಂದೇ ಕೈಯಲ್ಲಿ ಸೈಕಲ್ಲನ್ನು ಎತ್ತಿ ನೋಡಿದರು. ಸಂತೆಯಲ್ಲಿ ಗಡಿಗೆ ಆರಿಸುವಾಗ ಮಾಡುವಂತೆ ಬೆರಳ ಗೆಣ್ಣಿನಿಂದ ಅದರ ಪೈಪನ್ನೆಲ್ಲ ಬಡಿದರು.

"ಟಣ್ ಅಂತೈತಿ. ಚೊಲೋ ಸುಟ್ಟಾರ" ಎಂದರು. ನಾವೆಲ್ಲ ನಕ್ಕೆವು.

ನಮ್ಮ ಹಳೆಯ ಫಿಯಾಟಿನ ಕ್ಯಾರಿಯರ್ ಮೇಲೆ ಎರಡು ಕೌದಿ ಹಾಸಿ, ಚೀಟಿಯಲ್ಲಿ ಇದ್ದಂತೆಯೇ ಕಟ್ಟಿ ಹೊರಟೆವು. ವಳಸಂಗದಲ್ಲಿ ಚಹಾಕ್ಕೆ ನಿಂತಾಗ ನಮ್ಮವರು ಸೈಕಲ್ಲನ್ನು ಅಲುಗಿಸಿ ನೋಡಿದರು. ಅದು ಒಂದಿಷ್ಟು ತೂಗಿತು. ಅಷ್ಟೇ ಸಾಕಾಯಿತು. ಡಿಕ್ಕಿಯಿಂದ ಸೆಣಬಿನ ಹಗ್ಗ ಬಂತು. ನಡುವಿನ ಪೈಪಿಗೆ ಹಾಕಿ, ಹಗ್ಗದೊಳಗೆ ಒಂದು ಬಡಿಗೆ ತೂರಿಸಿ, ಕಣಿಕೆ ಬಂಡಿಗೆ ಮಾಡುವ ಹಾಗೆ ತಿರುವಿ ಬಿಗಿಯತೊಡಗಿದರು.

"ಪಪ್ಪಾ, ಮಾಮಾ ಬ್ಯಾಡ ಅಂತ ಬರದಾನ" ಎಂದಳು ಅನುಜಾ.

"ಕಾಹೀ ಹೋತ ನಾಹೀ, ಏನೂ ಆಗೂದಿಲ್ಲ. ನಿಮ್ಮ ಮಾಮಾ ಎಂದಾರ ಬಂಡಿ ಕಟ್ಯಾನೇನು?"

ಬಡಿಗೆ ಇನ್ನೆರಡು ಸುತ್ತು ತಿರುಗಿತು. ನಾನು ಸುಮ್ಮನಿದ್ದೆ. ಹೊರಟ ಹೊತ್ತಿನಲ್ಲಿ ಜಗಳ ಯಾಕೆ ಅಂದುಕೊಂಡೆ. ಆ ಮೌನಕ್ಕೆ ನನ್ನನ್ನು ನಾನು ಇಂದಿಗೂ ಬೈದುಕೊಳ್ಳುತ್ತೇನೆ.

ಅಕ್ಕಲಕೋಟೆ ಮುಟ್ಟಿದಾಗ ರೇಸಿಗೆ ಇನ್ನೂ ಒಂದು ತಾಸಿತ್ತು. ಸೈಕಲ್ ಇಳಿಸಿದರು. ಹಗ್ಗ ಇದ್ದ ಜಾಗದಲ್ಲಿ ಬಣ್ಣ ಚೂರು ಮಾಸಿತ್ತು, ಬೇರೇನೂ ಕಾಣಲಿಲ್ಲ. "ನೋಡು, ಎಲ್ಲಿ ಏನ ಆಗೇದ?" ಎಂದು ನಮ್ಮವರು ಗೆದ್ದವರ ಹಾಗೆ ನಿಂತರು.

ಅತ್ತೆ ಮತ್ತೆ ಬಡಿದರು. ಹಿಂದಿನ ಪೈಪು ಟಣ್ ಎಂದಿತು, ಮುಂದಿನದೂ ಟಣ್. ನಡುವಿನದು ಬೊದ್ ಎಂದಿತು.

"ಇದು ಒಡದೈತಿ, ದಿಗಂಬರ."

"ಅವ್ವಾ, ಅದೇನ ಗಡಿಗಿ ಅಲ್ಲ."

"ಗಡಿಗಿ ಆಗಿದ್ರ ನೀರ ಸೋರತಿದ್ದವು, ಅಷ್ಟ. ಇದರ ಮ್ಯಾಲ ಹುಡುಗಿ ಕೂಡತಾಳ."

ಅನುಜಾ ಅಜ್ಜಿಯನ್ನು ನೋಡಿದಳು, ಅಪ್ಪನನ್ನು ನೋಡಿದಳು. "ನಾ ಹೋಗ್ತೀನಿ, ಏನೂ ಆಗೂದಿಲ್ಲ" ಎಂದಳು. ಪುಣೆ ಬಿಟ್ಟರೆ ಅವಳ ತಲೆಯಲ್ಲಿ ಆಗ ಬೇರೇನೂ ಇರಲಿಲ್ಲ.

"ತಡೀ. ಮದಲ ನಾ ಒಂದ ಸುತ್ತ ಹೊಡದು ತೋರಸ್ತೀನಿ" ಎಂದು ನಮ್ಮವರೇ ಹತ್ತಿ ಕೂತರು. ಹತ್ತು ಹೆಜ್ಜೆಯಷ್ಟು ದೂರ ಹೋಗಿರಬೇಕು. ಮೈದಾನದ ಒಂದು ಸಣ್ಣ ದಿಬ್ಬದಲ್ಲಿ ಚಕ್ರ ಏರಿಳಿಯಿತು. ಒಣಗಿದ ತೊಗರಿ ಕಟ್ಟಿಗೆ ಮುರಿದಂತೆ ಸದ್ದಾಯಿತು. ಸೈಕಲ್ ನಡುವೆ ಮಡಿಚಿಕೊಂಡಿತು, ನಮ್ಮವರು ನೆಲಕ್ಕೆ ಬಿದ್ದರು.

ಮೊಣಕೈ ತರಚಿತ್ತು, ಅಷ್ಟೆ. ನನಗೆ ಮಾತ್ರ ಮೈಂದರ್ಗಿ ದಾರಿಯ ಇಳಿಜಾರಿನಲ್ಲಿ, ಲಾರಿಯ ಮುಂದೆ, ಮಗಳು ಬೀಳುವುದು ಕಣ್ಣಿಗೆ ಕಟ್ಟಿತು. ಅವರಿಗೂ ಅದೇ ಕಂಡಿರಬೇಕು. ಏಳಲು ಬಹಳ ಹೊತ್ತು ತೆಗೆದುಕೊಂಡರು.

ಆಮೇಲೆ ಓಡಿದರು. ಬಸ್ ಸ್ಟ್ಯಾಂಡಿನ ಹತ್ತಿರ ಧೂಳಪ್ಪ ಎಂಬವನ ಅಂಗಡಿಯಿಂದ ಬಾಡಿಗೆ ಸೈಕಲ್ ತಳ್ಳಿಕೊಂಡು ಬೆವರುತ್ತ ಬಂದರು. ಅನುಜಾ ಅವರತ್ತ ನೋಡದೆ ಅದನ್ನೇ ಹತ್ತಿದಳು. ಹದಿನಾಲ್ವರಲ್ಲಿ ಹನ್ನೊಂದನೆಯವಳಾಗಿ ಬಂದಳು. ಅಜ್ಜಿಯ ಹೆಗಲಿಗೆ ಮುಖವಿಟ್ಟು ಅತ್ತಳು.

ಹೊರಡುವ ಹೊತ್ತಿಗೆ ನಮ್ಮವರು ಮುರಿದ ಸೈಕಲ್ಲನ್ನು ಕ್ಯಾರಿಯರ್ ಮೇಲೆ ಎತ್ತಿಟ್ಟರು. ಕೌದಿಗಳನ್ನು ಕೊಡವಿ ಮತ್ತೆ ಹಾಸಿದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ನಾಲಿಗೆಯ ತುದಿಗೆ ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ. ಅವರು ಜೇಬಿನಿಂದ ಆಶಿಷನ ಚೀಟಿ ತೆಗೆದು ಮಗಳ ಕೈಗೆ ಕೊಟ್ಟರು.

"ನೀ ಓದು, ಅನೂ. ನಾ ಕಟ್ತೀನಿ."

ಅವಳು ಒಂದೊಂದೇ ಸಾಲು ಓದಿದಳು. ತಲೆಕೆಳಗಾಗಿ ನಿಲ್ಲಿಸಿ. ನಿಲ್ಲಿಸಿದರು, ಮುರಿದದ್ದು ಒಂದು ಕಡೆ ಜೋತುಬಿತ್ತು. ಹ್ಯಾಂಡಲ್ ಕಟ್ಟಿ. ಕಟ್ಟಿದರು. ಸೀಟು ಕಟ್ಟಿ. ಅದನ್ನೂ ಕಟ್ಟಿದರು. ಅವಳು ಚೀಟಿ ಮಡಿಚಿದಳು.

"ಒಂದ ಸಾಲ ಬಿಟ್ಟಿ" ಎಂದರು ಅವರು.

"ಇರ್ಲಿ ಪಪ್ಪಾ."

"ಇಲ್ಲ, ಓದು."

ಅವಳು ಚೀಟಿ ಬಿಚ್ಚಿ ಆ ಸಾಲನ್ನು ಓದಿದಳು. ನಮ್ಮವರು ಹಗ್ಗದ ಮೇಲೆ ಕೈಯಿಟ್ಟು ಪೂರಾ ಕೇಳಿಸಿಕೊಂಡರು.

"ಇನ್ನೊಮ್ಮೆ ಓದು" ಎಂದರು.